ಮೇಡಂ ಹಚ್ಚಿಸಿದ ಹಸಿರು ದೀಪ

ಮೇಡಂ ತುರುಬಿನ ಒಂದು ಕಡೆ ಮಲ್ಲಿಗೆ, ಇನ್ನೊಂದು ಕಡೆ ಕರೆಂಟ್ ನೋಡುವ ಟೆಸ್ಟರ್. ಪಾಠದ ನಡುವೆ ಹೂವಿಗೆ ತಾಗದ ಹಾಗೆ ಟೆಸ್ಟರನ್ನು ಸರ್ರನೆ ಎಳೆದು, ಕೆಲಸ ಮುಗಿದ ಮೇಲೆ ಮತ್ತೆ ಅಲ್ಲೇ ಸಿಕ್ಕಿಸುತ್ತಿದ್ದರು. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗದ ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ಬರುತ್ತಿದ್ದರು. ಬಸ್ಸಿನ ಕಂಡಕ್ಟರು "ಟೆಸ್ಟರಮ್ಮ" ಎಂದು ಹೆಸರಿಟ್ಟಿದ್ದು ಅವರಿಗೆ ಬಲು ಇಷ್ಟ.

ನಾನು ಕೊನೆಯ ವರ್ಷದಲ್ಲಿದ್ದಾಗ ಅವರು ಗೆಳತಿಯೊಬ್ಬರನ್ನು ಕಾಡಿ ಬೇಡಿ ಒಂದು ಬೋರ್ಡ್ ತಂದರು. ಅಂಗೈಯಗಲದ ಹಲಗೆ, ಅಷ್ಟರಲ್ಲೇ ಇಡೀ ಕಂಪ್ಯೂಟರ್! ನೋಡಿ ನನಗಂತೂ ಮೈ ಜುಮ್ಮೆಂದಿತು. ಜೊತೆಗಿದ್ದ ಸಿಡಿಯಲ್ಲಿ ಅದನ್ನು ನಡೆಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಸಿದ್ಧವಾಗಿಯೇ ಇತ್ತು.

"ಅದನ್ನ ಯಾರು ಬೇಕಾದ್ರೂ ಓಡಿಸ್ತಾರೆ ಮಾರಾಯ್ತಿ. ನಾವು ನಮ್ದೇ ಕರ್ನಲ್ ಕಂಪೈಲ್ ಮಾಡೋಣ. ಈ ಬೋರ್ಡಿಗೆ ಎಷ್ಟು ಬೇಕೋ ಅಷ್ಟೇ," ಎಂದರು ಮೇಡಂ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು; ಕಂಪೈಲ್ ಎಂದರೆ ಬರೆದಿಟ್ಟ ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವುದು, ಗಂಟೆಗಟ್ಟಲೆ ಹಿಡಿಯುವ ಕೆಲಸ. ಅದು ಓಡಿದರೆ ಅದೇ ನನ್ನ ಪ್ರಾಜೆಕ್ಟ್. ಆದರೆ ಸೋಮವಾರ ಬೋರ್ಡನ್ನು ಹಿಂದಿರುಗಿಸಬೇಕಿತ್ತು. ಅಷ್ಟರೊಳಗೆ ಓಡದಿದ್ದರೆ ಸಿಡಿಯಲ್ಲಿದ್ದದ್ದನ್ನೇ ತೋರಿಸಿ ಕೈತೊಳೆದುಕೊಳ್ಳಿ ಎಂದು ವಿಭಾಗದ ಮುಖ್ಯಸ್ಥರು ಹೇಳಿಬಿಟ್ಟಿದ್ದರು. ಲ್ಯಾಬಿನಲ್ಲೋ, ಕಂಪೈಲ್ ಅರ್ಧಕ್ಕೆ ಬಂತು ಅನ್ನುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು.

"ನಮ್ಮನೆಗೆ ಬಾ. ಫ್ಯಾಕ್ಟರಿ ಕ್ವಾರ್ಟರ್ಸಲ್ಲಿ ಕರೆಂಟ್ ಹೋಗಲ್ಲ," ಎಂದರು.

ಭಾನುವಾರ ಬೆಳಿಗ್ಗೆಯೇ ಬೋರ್ಡನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಎಳೆಗೂಸಿನಂತೆ ಎದೆಗವಚಿಕೊಂಡು ಬಸ್ ಹತ್ತಿದೆ. ಮೇಡಂ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದರು. ಕರ್ನಲ್ಲಿನಲ್ಲಿ ಏನೇನು ಇರಬೇಕು ಎಂದು ಒಂದೊಂದನ್ನೇ ಆರಿಸತೊಡಗಿದೆವು.

"ಸೌಂಡು?"

"ಕೀಳು."

"ಪ್ರಿಂಟರು?"

"ಕೀಳೇ! ಇಷ್ಟುದ್ದದ್ದು ಏನು ಪ್ರಿಂಟ್ ಹಾಕುತ್ತೆ?"

ಕೀಳುತ್ತಾ ಹೋದಂತೆ ನಮ್ಮಿಬ್ಬರ ಹುಮ್ಮಸ್ಸೂ ಏರಿತು. ಒಂದನ್ನು ಮಾತ್ರ ಸೇರಿಸಲೇಬೇಕೆಂದು ಅವರ ಹಟ. ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ದೀಪವಿತ್ತು. ಕರ್ನಲ್ ಜೀವಂತವಾಗಿರುವಷ್ಟು ಹೊತ್ತೂ ಅದು ಎದೆಬಡಿತದ ಹಾಗೆ ಎರಡು ಸಲ ಮಿನುಗಿ, ತಡೆದು, ಮತ್ತೆರಡು ಸಲ ಮಿನುಗಬೇಕು. "ಮೊದ್ಲು ದೀಪ ಹಚ್ಚು, ಮಿಕ್ಕಿದ್ದೆಲ್ಲ ಆಮೇಲೆ," ಎನ್ನುವುದು ಅವರ ಮಾಮೂಲಿ ಮಾತು. ಕಂಪೈಲ್ ಮುಗಿಯುವವರೆಗೂ ಅದೇ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ಬಡಿಯುತ್ತಾ ಕೂತರು. ಟಕ್-ಟಕ್. ಟಕ್-ಟಕ್.

ಕೊನೆಗೆ ಬೋರ್ಡಿಗೆ ಕರ್ನಲ್ ತುಂಬಿ ಚಾಲು ಮಾಡಿದೆವು. ಬೋರ್ಡಿನ ಮಾತು ಕೇಬಲ್ಲಿನಲ್ಲಿ ಬಂದು ಕಂಪ್ಯೂಟರ್ ಪರದೆಯ ಮೇಲೆ ಕಾಣಬೇಕು. ಒಂದು ಸಾಲು ಬಂತು, ನಿಂತಿತು. ಆಮೇಲೆ ಏನೂ ಇಲ್ಲ.

"ಹೋಯ್ತು ಮೇಡಂ. ಎಲ್ಲಾ ಹೋಯ್ತು."

ಅವರು ಪರದೆಯ ಕಡೆ ನೋಡಲೇ ಇಲ್ಲ. ಬೋರ್ಡನ್ನು ನನ್ನ ಕಡೆ ತಿರುಗಿಸಿದರು. ಹಸಿರು ದೀಪ ಎರಡು ಸಲ ಮಿನುಗಿ, ತಡೆದು, ಮತ್ತೆರಡು ಸಲ ಮಿನುಗಿತು.

"ಸತ್ತಿಲ್ಲ ಕಣೇ! ಬಾಯಿ ಕಟ್ಟಿದೆ, ಅಷ್ಟೇ. ಬೇಡದ್ದನ್ನೆಲ್ಲ ಕೀಳೋ ಭರದಲ್ಲಿ ಅದು ಮಾತಾಡೋ ದಾರಿನೂ ಕಿತ್ತು ಕೂತಿದೀವಿ!"

ಕಿತ್ತ ದಾರಿಯನ್ನು ಮತ್ತೆ ಸೇರಿಸಿ ಕಂಪೈಲ್ ಮಾಡಿದೆವು. ಸಂಜೆ ಹೊತ್ತಿಗೆ ಪರದೆಯ ತುಂಬ ಸಾಲುಗಳು ದಬದಬನೆ ಸುರಿದವು. ನಾವಿಬ್ಬರೂ ಕುಣಿದ ಸದ್ದಿಗೆ ಪಕ್ಕದ ಮನೆಯ ತಮಿಳು ಅಜ್ಜಿ ಗಾಬರಿಯಾಗಿ ಓಡಿಬಂದರು. "ಹೆರಿಗೆ ಆಯ್ತು ಪಾಟಿ! ಮಗು ಅಳ್ತಿದೆ!" ಎಂದು ಮೇಡಂ ಅವರನ್ನೂ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟರು. ಅಷ್ಟು ಖುಷಿ ನನಗೆ ಆಮೇಲೆ ಡಿಗ್ರಿ ಬಂದಾಗಲೂ ಆಗಲಿಲ್ಲ.

ಮೇಡಂ ಈಗಿಲ್ಲ. ಹೊಸ ಬೋರ್ಡ್ ಕೈಗೆ ಬಂದರೆ ಈಗಲೂ ನಾನು ಮೊದಲು ಹಚ್ಚುವುದು ದೀಪವನ್ನೇ. ಅವರನ್ನು ಕೊನೆಯ ಸಲ ನೋಡಿದ್ದು ಅದೇ ಕ್ವಾರ್ಟರ್ಸಿನಲ್ಲಿ. ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು. ಅಷ್ಟು ಮಾತಿನ ಹೆಂಗಸು ಸುಮ್ಮನೆ ಮಲಗಿದ್ದು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಏನು ಕೇಳಬೇಕೋ ತೋಚದೆ, "ಹೇಗಿದೀರಾ ಮೇಡಂ?" ಎಂದುಬಿಟ್ಟೆ.

ಅವರು ನನ್ನನ್ನೇ ನೋಡುತ್ತಾ ಬೆರಳೆತ್ತಿ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬಡಿದರು. ಟಕ್-ಟಕ್. ತಡೆದು, ಟಕ್-ಟಕ್.