ಅಷ್ಟಮಿಯಂದು ಪಾಸಾದ ಬಾಗಿಲು

ಕಟ್ಟುವವರು ಬೇರೆ, ಕಟ್ಟಿದ್ದನ್ನು ಒಪ್ಪಿಸುವವರು ಬೇರೆ. ನಾನು ಒಪ್ಪಿಸುವವನಾಗಿದ್ದೆ. ಈಗಿನವರು ಅದಕ್ಕೆ ಕಮಿಷನಿಂಗ್ ಎಂದು ಹೆಸರಿಟ್ಟು, ತಲೆಗೆ ಹಳದಿ ಟೊಪ್ಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಮಗೆ ಟೊಪ್ಪಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಮೋರಿಯೋ ಪಂಪೋ ತೂಬೋ ಕಟ್ಟಿ ಮುಗಿದ ಮೇಲೆ ಅದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕು, ಬಾಕಿ ಉಳಿದದ್ದನ್ನು ಪಟ್ಟಿ ಮಾಡಿ ಸರಿಪಡಿಸಬೇಕು, ಆಮೇಲೆ ಬಳಸುವ ಜನರ ಕೈಗೆ ಒಪ್ಪಿಸಿ ರುಜು ತರಬೇಕು. ಇಷ್ಟೇ ಕೆಲಸ. ಕೇಳುವುದಕ್ಕೆ ಎಷ್ಟು ಮರ್ಯಾದಸ್ಥ ಉದ್ಯೋಗ ನೋಡಿ! ನೆಂಟರ ಮನೆಗೆ ಹೋದಾಗಲೆಲ್ಲ ನಾನೂ ಹಾಗೇ ಹೇಳಿಕೊಳ್ಳುತ್ತಿದ್ದೆ.

ಓವರ್‌ಸಿಯರ್ ಪರೀಕ್ಷೆ ಪಾಸಾಗಿ ಕೆಲಸಕ್ಕೆ ಸೇರಿದ್ದು ಭಟ್ಕಳದಲ್ಲಿ, ಐವತ್ತರ ದಶಕದ ಕೊನೆಗೆ. ಮೊದಲು ಒಪ್ಪಿಸಿದ್ದು ಒಂದು ನೀರಿನ ಟಾಕಿಯನ್ನು. ಪಂಪು ಗೊರಗೊರ ಸದ್ದು ಮಾಡುತ್ತಿತ್ತೇ ಹೊರತು ನೀರು ಎತ್ತುತ್ತಿರಲಿಲ್ಲ. ಉದ್ಘಾಟನೆಯ ದಿನ ಬೆಳಿಗ್ಗೆಯಿಂದ ಏಣಿಯ ಮೇಲೆ ಕೂಲಿಯವರನ್ನು ಸಾಲಾಗಿ ನಿಲ್ಲಿಸಿ ಕೊಡದಿಂದ ಟಾಕಿಗೆ ನೀರು ತುಂಬಿಸಿದರು. ಭಾಷಣವಾಯಿತು, ನಲ್ಲಿ ತಿರುಗಿಸಿದರು, ನೀರು ಬಂತು, ಚಪ್ಪಾಳೆ ಬಿತ್ತು. ಬಂದವರು ಚಹಾ ಕುಡಿದು ಮುಗಿಸುವ ಹೊತ್ತಿಗೆ ನೀರೂ ಮುಗಿಯಿತು. ನನ್ನ ಮೇಲಿನ ಓವರ್‌ಸಿಯರ್ ಗಂಭೀರವಾಗಿ ಕಾಗದದಲ್ಲಿ 'ತೃಪ್ತಿಕರ' ಎಂದು ಬರೆದ. ನನಗೆ ನಗು ತಡೆಯಲಾಗಲಿಲ್ಲ.

"ನಗೂದೆಂತಕ್ಕೆ? ನೀರು ಬಂತೋ ಇಲ್ವೋ?" ಎಂದು ಗದರಿದ.

ಬಂದಿತ್ತು.

ಕಾಯ್ಕಿಣಿಯಲ್ಲಿ ಒಂದು ಮೋರಿಯನ್ನು ಎರಡು ಸಲ ಒಪ್ಪಿಸಿದೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತ್ತು. ಮೊದಲು ಒಪ್ಪಿಸಿದ್ದು ಹಳೇ ಸರಕಾರದ ಫಾರ್ಮಿನಲ್ಲಾಯಿತು, ನಡೆಯುವುದಿಲ್ಲ ಎಂದರು. ಸರಿ, ಹೊಸ ಫಾರ್ಮು ಹಿಡಿದುಕೊಂಡು ಮತ್ತೆ ಹೋದೆ. ಊರವರು ಮೋರಿಯ ಕಟ್ಟೆಯ ಮೇಲೆ ಕೂತು ಎಲೆ ಜಗಿಯುತ್ತಿದ್ದರು. "ಮೊನ್ನೆ ಕೊಟ್ಟದ್ದನ್ನ ಯಾವಾಗ ವಾಪಸ್ ತಕಂಡ್ರಿ ಮಾರಾಯ್ರೆ?" ಎಂದು ಕೇಳಿದರು. ಇಂಥ ಘನಕಾರ್ಯಗಳನ್ನು ಮಾಡುತ್ತ ನಾನು ಅನುಭವಸ್ಥ ಎನ್ನಿಸಿಕೊಂಡೆ. ಹೊನ್ನಾವರದ ಕಚೇರಿಗೆ ವರ್ಗ ಮಾಡಿದರು.

ಅಲ್ಲಿ ನನಗೆ ಬಂದದ್ದು ಕುಮಟಾ ತಾಲೂಕಿನ ಒಂದು ಗಜನಿಯ ಬಾಗಿಲು. ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ, ತದಡಿಯ ಆಚೀಚೆ, ಉಬ್ಬರದ ನೀರಿಗಿಂತ ತಗ್ಗಿನಲ್ಲಿರುವ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಒಂದು ಬಾಗಿಲು. ಮಳೆಗಾಲದಲ್ಲಿ ಆ ಬಾಗಿಲು ಉಪ್ಪುನೀರನ್ನು ತಡೆದರೆ ಬೆಳೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿಯೇ ಅಲ್ಲಿಯ ಜನ ಕಗ್ಗ ಎಂಬ ಭತ್ತ ಬಿತ್ತುತ್ತಿದ್ದರು. ಅದು ಸ್ವಲ್ಪ ಉಪ್ಪನ್ನು ತಿಂದೂ ಬದುಕುತ್ತದೆ. ಹಳೆಯ ಹಲಗೆ ಬಾಗಿಲನ್ನು ಕಿತ್ತು ನಮ್ಮ ಇಲಾಖೆ ಕಬ್ಬಿಣದ ಬಾಗಿಲು ಕೂರಿಸಿತ್ತು. ಇನ್ನು ಒಂದು ಹನಿ ಉಪ್ಪುನೀರೂ ಒಳಗೆ ಬರುವುದಿಲ್ಲ, ಆ ಕಾಡುಭತ್ತ ಬಿಟ್ಟು ಸುಧಾರಿತ ಬೀಜ ಬಿತ್ತಿ ಎಂದು ಊರಿಗೆಲ್ಲ ಸಾರಿಯಾಗಿತ್ತು. ಬಾಗಿಲಿನ ಪರೀಕ್ಷೆ ಮಾತ್ರ ಇನ್ನೂ ಆಗಿರಲಿಲ್ಲ.

ಪರೀಕ್ಷೆಗೆ ಬಂದ ದೊಡ್ಡ ಸಾಹೇಬರು ಘಟ್ಟದ ಮೇಲಿನವರು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿ ಎಂಜಿನಿಯರಾದವರು. ಅವರಿಗೆ ಬಿಡುವಾದದ್ದು ಒಂದು ಅಷ್ಟಮಿಯ ದಿನ. ಕರಾವಳಿಯಲ್ಲಿ ಹುಟ್ಟಿದ ಯಾರಿಗೆ ಬೇಕಾದರೂ ಕೇಳಿ, ಅಷ್ಟಮಿಗೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಉಬ್ಬರವೆಂದರೆ ಅಮಾವಾಸ್ಯೆ, ಹುಣ್ಣಿಮೆಯದು. ನಾನು ಹಿಂದೆ ನಿಂತು ಮೆಲ್ಲಗೆ ಹೇಳಿದೆ: "ಸಾಹೇಬರೇ, ಇವತ್ತು ಅಷ್ಟಮಿ. ಅಮಾವಾಸ್ಯೆಯ ದಿನ ನೋಡಿದರೆ ಒಳ್ಳೆಯದು."

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ, ಪಂಚಾಂಗ ನೋಡಿ ಎಂಜಿನಿಯರಿಂಗ್ ಮಾಡ್ತೀರಾ? ಇಂಥ ಮೂಢನಂಬಿಕೆಯಿಂದಲೇ ಈ ದೇಶ ಹಾಳಾಗಿದ್ದು!"

ಕಂಟ್ರಾಕ್ಟರ್ ಹಲ್ಲು ಕಿರಿದ. ಜೀಪಿನ ಡ್ರೈವರ್ ನಕ್ಕ. ಥೂ, ನಾನೂ ನಕ್ಕೆ. ಚಂದ್ರನಿಗೂ ನೀರಿಗೂ ಇರುವ ಸಂಬಂಧವನ್ನು ಶಾಲೆಯ ಮಕ್ಕಳೂ ಓದಿರುತ್ತಾರೆ. ಅದನ್ನು ಹೇಳಲು ನನಗೆ ಬಾಯಿ ಇರಲಿಲ್ಲವೇ? ಇತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಅದರ ಕಾಗದ ಅವರ ಮೇಜಿನ ಮೇಲಿತ್ತು. ಸಾಹೇಬರು ಬಾಗಿ, ಬಾಗಿಲಿನ ಒಳಬದಿಯನ್ನು ಕರವಸ್ತ್ರದಿಂದ ಒರೆಸಿ, ಒದ್ದೆಯಾಗದ ಕರವಸ್ತ್ರವನ್ನು ಎಲ್ಲರಿಗೂ ತೋರಿಸಿದರು. ಬಾಗಿಲು ಪಾಸಾಯಿತು. ಕಾಗದಕ್ಕೆ ಅವರೂ ನಾನೂ ರುಜು ಹಾಕಿದೆವು. ಎಳನೀರು ಕುಡಿದು ಜೀಪು ಹತ್ತಿದರು.

ಊರಿನ ಪರವಾಗಿ ಬಾಗಿಲನ್ನು ಒಪ್ಪಿಕೊಳ್ಳಬೇಕಾದವಳು ಆ ಊರಿನ ಗೌಡ್ತಿ. ಗಂಡ ಸತ್ತ ಮೇಲೆ ಗಜನಿಯ ಬಾಗಿಲು ಕಾಯುವ ಸರದಿಯನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಅವಳು ಬಿತ್ತು ಎಂದರೆ ಊರು ಬಿತ್ತುತ್ತಿತ್ತು. ಓದು ಬರೆಹ ಇಲ್ಲ. ಮಾತು ಕಡಿಮೆ. ಜೀಪು ಹೋದ ಮೇಲೆ ನನ್ನ ಹತ್ತಿರ ಬಂದಳು.

"ಒಡ್ಯಾ, ಒಂದ್ ಮಾತ್ ಕೇಳೂದದೆ. ಈ ಬಾಗ್ಲು ಅಮಾಸೆ ನೀರು ತಡೀತದೆ ಹೇಳಿ ನೀವು ಹೇಳ್ತ್ರಾ?"

"ಸಾಹೇಬರೇ ಪಾಸು ಮಾಡಿದಾರಲ್ಲ ಗೌಡ್ತಿ."

"ಸಾಹೇಬ್ರು ಘಟ್ಟದವ್ರು. ಅವ್ರಿಗೆ ಎಂತ ಗೊತ್ತದೆ? ನೀವು ಕುಮಟೆಯವ್ರು. ನೀವು ಹೇಳಿ. ನಾ ಕಗ್ಗ ಬಿಟ್ರೆ ಊರೇ ಬಿಡ್ತದೆ."

ಕಗ್ಗವನ್ನೇ ಬಿತ್ತಿ ಎಂದು ಅವಳೊಬ್ಬಳ ಕಿವಿಗೆ ಹೇಳಿಬಿಟ್ಟಿದ್ದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ ಕಾಗದದ ಮೇಲಿನ ನನ್ನ ರುಜು ಸುಳ್ಳು ಎಂದು ಒಪ್ಪಿದ ಹಾಗೆ. ಆ ರುಜುವಿನ ಶಾಯಿ ಇನ್ನೂ ಒಣಗಿರಲಿಲ್ಲ. "ತಡೀತದೆ" ಎಂದೆ.

"ಆತು ಹಂಗಾರೆ," ಎಂದು ಎಡಗೈ ಮುಂದೆ ಮಾಡಿ ಹೆಬ್ಬೆಟ್ಟು ಒತ್ತಿದಳು.

ಆ ಊರಿನವರು ಬೀಜಕ್ಕೆಂದು ಇಟ್ಟ ಕಗ್ಗವನ್ನು ಕುಟ್ಟಿ ಅಕ್ಕಿ ಮಾಡಿ ಉಂಡರು. ಮಳೆ ಹಿಡಿದ ಕೂಡಲೇ ಹೊಸ ಬೀಜ ಬಿತ್ತಿದರು. ಸಸಿ ಗೇಣುದ್ದ ಬಂದಿತ್ತು. ಆಗ ಎಂಟು ದಿನ ಮಳೆ ಕೈಕೊಟ್ಟಿತು, ಹೊಳೆಯಲ್ಲಿ ಇನ್ನೂ ಉಪ್ಪು ಉಳಿದಿತ್ತು, ನಡುವೆ ಅಮಾವಾಸ್ಯೆ ಬಂತು. ಬಾಗಿಲಿನ ಕಬ್ಬಿಣಕ್ಕೆ ಏನೂ ಆಗಲಿಲ್ಲ, ಪಾಪ! ನೀರು ಅದರ ಬುಡದ ಕಲ್ಲಿನ ಕೆಳಗಿನಿಂದ ಬಂತು. ಗಟ್ಟಿ ನೆಲ ಸಿಗುವವರೆಗೆ ಅಗೆಯದೆ ಕಂಟ್ರಾಕ್ಟರ್ ಕರಿ ಕೆಸರಿನ ಮೇಲೆಯೇ ಪಾಯ ಹಾಕಿದ್ದ. ವಾರದೊಳಗೆ ಸಸಿಗಳೆಲ್ಲ ತುದಿಯಿಂದ ಸುಟ್ಟುಕೊಂಡು ಬಂದವು. ಹೊಳೆಯಾಚೆಯ ನೆಂಟರಿಂದ ಬೇಡಿ ತಂದ ಕಗ್ಗವನ್ನು ತಡವಾಗಿ ಬಿತ್ತಿ ಅವರು ಅರ್ಧ ಬೆಳೆ ತೆಗೆದರು. ಅರ್ಧ ವರ್ಷ ಊಟಕ್ಕೆ ಏನು ಮಾಡಿದರೋ, ನಾನು ಕೇಳಲಿಲ್ಲ.

ಇಲಾಖೆ ವಿಚಾರಣೆ ನಡೆಸಿತು. ವಿಚಾರಣೆಯಂತೆ ವಿಚಾರಣೆ! ಪರೀಕ್ಷೆಯಲ್ಲಿ ಬಾಗಿಲು ಪಾಸಾಗಿದೆ, ಆದ್ದರಿಂದ ಬಾಗಿಲು ಸರಿಯಿದೆ, ಆದ್ದರಿಂದ ಏಡಿ ಹಿಡಿಯಲು ಊರವರೇ ಬುಡ ಕೆದಕಿರಬೇಕು ಎಂದು ಬರೆದು ಮುಗಿಸಿದರು. ಉಪಕಾರ ಮಾಡುವವರಂತೆ ತೆಂಗಿನ ನಾರಿನ ಕತ್ತದ ಹಗ್ಗವನ್ನು ಡಾಂಬರಿನಲ್ಲಿ ಅದ್ದಿ ಸಂದಿಗಳಿಗೆ ತುರುಕಿಸಿದರು. ಮುಂದಿನ ಬೇಸಿಗೆಯಲ್ಲಿ ಅದನ್ನು ಮತ್ತೆ ಒಪ್ಪಿಸಿ ಬರಲು ನನ್ನನ್ನೇ ಕಳಿಸಿದರು. ಈ ಸಲ ಸಾಹೇಬರು ಬರಲಿಲ್ಲ, ಕೆಸರು ಇತ್ತಲ್ಲ.

ಗೌಡ್ತಿ ಬೈಯುತ್ತಾಳೆ ಎಂದುಕೊಂಡು ಹೋಗಿದ್ದೆ. ಬೈಯಲಿಲ್ಲ. "ಅಮಾಸೆ ದಿನ ಬನ್ನಿ. ನೀರು ಏರೂಕೆ ಸುರು ಆದಾಗಿಂದ ಇಳಿಯೂ ತನ್ಕ ನನ್ ಸಂಗ್ತಿಗೆ ಕೂತ್ಕಣಿ. ಒಳಗೆ ನೀರ್ ಬರದಿದ್ರೆ ಒತ್ತೂದು," ಎಂದಳು.

ಭಟ್ಕಳದಿಂದ ಕುಮಟೆಯವರೆಗೆ ನಾನು ಕಂಡ ಎಂಜಿನಿಯರುಗಳಲ್ಲಿ ಪರೀಕ್ಷೆ ಎಂದರೆ ಏನೆಂದು ಗೊತ್ತಿದ್ದವಳು ಆ ಹೆಂಗಸು ಒಬ್ಬಳೇ. ಅಮಾವಾಸ್ಯೆಯ ದಿನ ಹೋದೆ. ಕಟ್ಟೆಯ ಮೇಲೆ ಬಿಸಿಲಿನಲ್ಲಿ ಇಬ್ಬರೂ ಕೂತೆವು. ಮಧ್ಯಾಹ್ನದ ಹೊತ್ತಿಗೆ ಹೊಳೆ ಬಾಗಿಲಿನ ಮುಕ್ಕಾಲಿಗೆ ಏರಿತು. ಒಳಬದಿಯ ಕೆಸರಿನಲ್ಲಿ ಒಂದು ಗುಳ್ಳೆ ಎದ್ದಿತು, ಆಮೇಲೆ ಎರಡು, ಆಮೇಲೆ ಅನ್ನ ಕುದಿಯುವ ಹಾಗೆ ಉದ್ದಕ್ಕೂ ಎದ್ದವು. ಗೌಡ್ತಿ ಒಂದು ಬೊಗಸೆ ನೀರು ತೆಗೆದು ನನ್ನ ಮುಂದೆ ಹಿಡಿದಳು. ನಾಲಗೆಗೆ ಹಚ್ಚಿಕೊಂಡು ನೋಡಿದೆ. ಅಪ್ಪಟ ಉಪ್ಪು.

"ನಾ ಒತ್ತೂದಿಲ್ಲ," ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ಹೊನ್ನಾವರಕ್ಕೆ ಬಂದು ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬುಡ ಬಿಚ್ಚಿ ಹೊಸ ಪಾಯ ಹಾಕಬೇಕು ಎಂದೆ. ಅವರು ಕಡತದಿಂದ ತಲೆಯೆತ್ತಲಿಲ್ಲ. "ಈ ತಿಂಗಳೊಳಗೆ ಬಾಕಿ ಪಟ್ಟಿ ಖಾಲಿಯಾಗಬೇಕು. ಆ ಬಾಗಿಲು ಬಾಕಿ ಉಳಿದರೆ ನಿಮ್ಮ ಕಾಯಂ ಕಾಗದವೂ ಬಾಕಿ. ಹೋಗ್ರೀ, ಒಂದು ಹೆಬ್ಬೆಟ್ಟು ತರಲಾಗದವರು ನೀವೆಂಥ ಓವರ್‌ಸಿಯರು?"

ಮತ್ತೆ ಆ ಊರಿಗೆ ಹೋಗುವ ಮುಖ ನನಗಿರಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದಾಗ ಕಚೇರಿಯ ಶಾಯಿ ಪ್ಯಾಡು ತೆರೆದು, ನನ್ನ ಎಡಗೈ ಹೆಬ್ಬೆಟ್ಟನ್ನೇ ಒತ್ತಿದೆ. ಮೂರು ಪ್ರತಿಗಳ ಮೇಲೂ ಒತ್ತಿದೆ. ಸೀಮೆಎಣ್ಣೆಯಿಂದ ಕೈ ಒರೆಸಿಕೊಂಡು ನಾನೂ ಊಟಕ್ಕೆ ಹೋದೆ. ಆ ತಿಂಗಳು ನನ್ನ ನೌಕರಿ ಕಾಯಂ ಆಯಿತು. ಮನೆಯಲ್ಲಿ ಪಾಯಸ ಮಾಡಿದರು.

ಆ ಮಳೆಗಾಲದಲ್ಲಿ ಬುಡ ಇನ್ನಷ್ಟು ಕೊರೆದು, ಕಗ್ಗವೂ ನಿಲ್ಲದಷ್ಟು ನೀರು ನುಗ್ಗಿತು. ಗೌಡ್ತಿ ಊರಿನ ಇಬ್ಬರನ್ನು ಕರೆದುಕೊಂಡು ಹೊನ್ನಾವರದ ಕಚೇರಿಗೆ ಬಂದಳು. ರಿಪೇರಿ ಮಾಡಿದ ಬಾಗಿಲನ್ನು ನೀವು ಇನ್ನೂ ಒಪ್ಪಿಸಿಲ್ಲ, ಸರಿ ಮಾಡಿಕೊಡಿ ಎಂದು ಗುಮಾಸ್ತನನ್ನು ಕೇಳಿದಳು. ನಾನು ಪಕ್ಕದ ಮೇಜಿನಲ್ಲಿದ್ದೆ. ಗುಮಾಸ್ತ ಕಡತ ತೆಗೆದು ಕಾಗದವನ್ನು ಅವಳ ಮುಂದೆ ಎಸೆದ.

"ಬೇಸಿಗೆಯಲ್ಲೇ ಒಪ್ಪಿಸಿ ಆಯ್ತು. ಇನ್ನು ರಿಪೇರಿ ನಿಮ್ಮದೇ. ನೋಡು, ನಿನ್ನ ಹೆಬ್ಬೆಟ್ಟು ಇಲ್ಲೇ ಅದೆ."

"ನಾ ಒತ್ತಲಿಲ್ಲ."

"ಹಂಗಾರೆ ಇದು ಯಾರ್ದು? ನಂದಾ?"

ಗೌಡ್ತಿ ಕಾಗದವನ್ನು ಕಿಟಕಿಯ ಬೆಳಕಿಗೆ ಒಯ್ದಳು. ತನ್ನ ಎಡಗೈ ಹೆಬ್ಬೆಟ್ಟನ್ನು ಆ ಗುರುತಿನ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಬೆರಳಿನ ತುಂಬ ಬಿರುಕು, ನಡುವೆ ಅಡ್ಡಕ್ಕೆ ಕತ್ತಿ ತಾಗಿದ ಹಳೆಯ ಗಾಯ. ಕಾಗದದ ಮೇಲಿನ ಗೆರೆಗಳು ಒಂದೂ ತಪ್ಪದೆ ನುಣ್ಣಗೆ ಸುತ್ತಿಕೊಂಡಿದ್ದವು.

"ಇದು ಗದ್ದೆಲಿ ಕೆಲ್ಸ ಮಾಡ್ದವ್ರ ಹೆಬ್ಬೆಟ್ಟಲ್ಲ," ಎಂದಳು.

ಕಾಗದವನ್ನು ಗುಮಾಸ್ತನಿಗೆ ವಾಪಸು ಕೊಡಲಿಲ್ಲ. ತಂದು ನನ್ನ ಮೇಜಿನ ಮೇಲೆ, ನನ್ನ ಎಡಗೈ ಪಕ್ಕದಲ್ಲಿ ಇಟ್ಟಳು. ಕೈಯನ್ನೂ ನೋಡಿದಳು, ಮುಖವನ್ನೂ ನೋಡಿದಳು. ಜೊತೆಗೆ ಬಂದ ಇಬ್ಬರಿಗೆ "ನಡೀರಿ, ಬಸ್ಸಿಗೆ ಹೊತ್ತಾತು," ಎಂದು ಹೇಳಿ ಮೆಟ್ಟಿಲಿಳಿದಳು.