ಬೆಟ್ಟಮ್ಮನ ಫ್ರಿಜ್ಜಿನ ಉಪ್ಪಿನಕಾಯಿ

ಕ್ಯಾತನಹಳ್ಳಿಯಲ್ಲಿ ಮಾವಿನಕಾಯಿ ಕಾಲ ಬಂತೆಂದರೆ ಬೆಟ್ಟಮ್ಮನಿಗೆ ತನ್ನ ಮನೆಯಲ್ಲಿ ಕೂರಲು ಪುರಸೊತ್ತಿರುತ್ತಿರಲಿಲ್ಲ. ಕಾಯಿ ಹೆಚ್ಚುವುದು, ಸಾಸಿವೆ ಕುಟ್ಟುವುದು, ಮೆಣಸಿನಕಾಯಿ ಒಣಗಿಸುವುದು ಎಲ್ಲವನ್ನೂ ಆಯಾ ಮನೆಯವರೇ ಮಾಡಿಕೊಳ್ಳುತ್ತಿದ್ದರು. ಹೆಚ್ಚಿದ ಹೋಳುಗಳ ಮೇಲೆ ಮೊದಲ ಹಿಡಿ ಉಪ್ಪು ಮಾತ್ರ ಬೆಟ್ಟಮ್ಮನ ಕೈಯಿಂದಲೇ ಬೀಳಬೇಕು. ಅವಳು ಉಪ್ಪು ಹಾಕಿದ ಜಾಡಿ ಮುಂದಿನ ವರ್ಷದ ಕಾಯಿ ಬರುವವರೆಗೂ ಕೆಡುವುದಿಲ್ಲ ಎಂದು ಬೀದಿಯವರು ನಂಬಿದ್ದರು. ಪಕ್ಕದ ಮನೆಯ ಅಣ್ಣಮ್ಮನಂತೂ ಮದುವೆಯಾಗಿ ಬಂದ ವರ್ಷದಿಂದ ಒಮ್ಮೆಯೂ ಬೆಟ್ಟಮ್ಮನನ್ನು ಬಿಟ್ಟು ಜಾಡಿಗೆ ಬಟ್ಟೆ ಕಟ್ಟಿದವಳಲ್ಲ. "ಎಲ್ಲ ನಮ್ಮಕ್ಕನ ಕೈಗುಣ" ಅನ್ನುತ್ತಿದ್ದಳು. ಅದನ್ನು ಕೇಳಿ ಬೆಟ್ಟಮ್ಮ ಒಳಗೊಳಗೇ ಹಿಗ್ಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಗಂಡ ಚಿಕ್ಕಸ್ವಾಮಿ ಕಬ್ಬಿಗೆ ನೀರು ಕಟ್ಟಲು ಹೋದವನು ಬದುವಿನ ಮೇಲೆ ಕೂತ ಹಾಗೇ ಹೋಗಿಬಿಟ್ಟ. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮಗ ಅಶೋಕ, "ಯಾಕವ್ವ ಸುಮ್ಕೆ ಕುಂತಿದ್ದೀಯೆ, ಏನಾರ ಕೆಲ್ಸ ಇಟ್ಕೊ" ಎಂದು ಪಾಂಡವಪುರದ ಸಂತೆಯಿಂದ ಒಂದು ಚೀಲ ಮಾವಿನಕಾಯಿ ತಂದುಕೊಟ್ಟ. ಬೆಟ್ಟಮ್ಮ ಎಲ್ಲವನ್ನೂ ಎಂದಿನಂತೆಯೇ ಮಾಡಿ ಜಾಡಿ ತುಂಬಿದಳು. ಶ್ರಾವಣದಲ್ಲಿ ಬಟ್ಟೆ ಬಿಚ್ಚಿ ನೋಡಿದರೆ ಮೇಲೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಅವಳು ಯಾರಿಗೂ ಹೇಳದೆ ಜಾಡಿಯನ್ನು ತಿಪ್ಪೆಗೆ ಒಯ್ದು ಸುರಿದಳು. ಆದರೂ ವಾಸನೆ ಬೀದಿಗೆ ಗೊತ್ತಾಗದೆ ಇರುತ್ತದೆಯೇ?

ಮರುವರ್ಷ ಅವಳನ್ನು ಯಾರೂ ಕರೆಯಲಿಲ್ಲ. ಒಬ್ಬರೂ ಕೆಟ್ಟ ಮಾತಾಡಲಿಲ್ಲ, ಮುಖ ತಿರುಗಿಸಲಿಲ್ಲ. ಬರೀ ಕರೆಯಲಿಲ್ಲ, ಅಷ್ಟೆ. ಒಂದು ಮಧ್ಯಾಹ್ನ ಅಣ್ಣಮ್ಮನ ಹಿತ್ತಲಲ್ಲಿ ಸಾಸಿವೆ ಕುಟ್ಟುವ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ಬೆಟ್ಟಮ್ಮ ಸೀರೆ ಸರಿಮಾಡಿಕೊಂಡು, ಕೈ ತೊಳೆದುಕೊಂಡು, ಕರೆಯುತ್ತಾಳೇನೋ ಎಂದು ಜಗುಲಿಯಲ್ಲಿ ಕೂತಿದ್ದಳು. ಸಂಜೆ ಸದ್ದು ನಿಂತಿತು. ಆಮೇಲೆ ಅವಳೂ ಉಪ್ಪಿನಕಾಯಿಯ ಗೋಜಿಗೆ ಹೋಗಲಿಲ್ಲ. ಗಂಡನನ್ನು ಕಳೆದುಕೊಂಡವಳ ಕೈ, ಹೋಗಲಿ ಬಿಡು ಎಂದು ತನಗೆ ತಾನೇ ಹೇಳಿಕೊಂಡಳು. ಅಂಗಡಿಯ ಪ್ಯಾಕೆಟ್ಟು ಉಪ್ಪಿನಕಾಯಿ ಮನೆಗೆ ಬಂತು. ಅಶೋಕ ಅದನ್ನೇ ಮುದ್ದೆಯ ಪಕ್ಕ ಹಾಕಿಸಿಕೊಂಡು ಸುಮ್ಮನೆ ಉಂಡು ಎದ್ದು ಹೋಗುತ್ತಿದ್ದ.

ಅಶೋಕನಿಗೆ ನಾಗಮಂಗಲದ ಹುಡುಗಿ ಮೇಘನಳನ್ನು ತಂದರು. ಪಾಂಡವಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಬಸ್ಸಿಗೆ ಓಡಿ ಸಂಜೆಗೆ ಬರುವವಳು. ಮಾತು ಸ್ವಲ್ಪ ಜಾಸ್ತಿ, ನಗುವೂ ಜಾಸ್ತಿ. ಮಾತೇ ಸತ್ತುಹೋಗಿದ್ದ ಅಡುಗೆಮನೆಗೆ ಮತ್ತೆ ಸದ್ದು ಬಂತು. ಅವಳು ಬಸುರಿಯಾದಾಗ ಮಾತ್ರ ಆ ನಗು ಎಲ್ಲಿಗೋ ಹೋಯಿತು. ಅನ್ನ ಕಂಡರೆ ವಾಕರಿಕೆ, ಒಗ್ಗರಣೆ ವಾಸನೆ ಬಂದರೆ ಹಿತ್ತಲಿಗೆ ಓಟ. ಹುಳಿ ಬೇಕು ಅನ್ನುತ್ತಿದ್ದಳು. ಪ್ಯಾಕೆಟ್ಟಿನದು ತಿಂದರೆ ಎದೆ ಉರಿ.

ಒಂದು ಭಾನುವಾರ ಅವಳು ಸೋತ ಮುಖ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ಆಸ್ಟೆಲ್ಲಲ್ಲಿ ನಾವು ಒಂದ್ ಮಾಡ್ತಿದ್ವಿ. ತರಕಾರಿ ಹೆಚ್ಚಿ ಬಾಟ್ಲಿಗೆ ತುಂಬಿ, ವಿನೆಗರ್ರು, ನೀರು, ಉಪ್ಪು, ಚೂರು ಸಕ್ಕರೆ ಕಾಸಿ ಉಯ್ಯೋದು. ಆರಿದ್ಮೇಲೆ ಫ್ರಿಜ್ಜಲ್ಲಿಟ್ರೆ ನಾಳೆಗೇ ತಿನ್ಬೋದು. ನಂಗೆ ಆ ಕಾಸೋ ವಾಸ್ನೆ ತಡ್ಯಕ್ಕಾಗಲ್ಲ. ನೀವೇ ಮಾಡ್ಕೊಡಿ" ಎಂದಳು.

ಬೆಟ್ಟಮ್ಮ ಒಲೆಯ ಕಡೆಗೆ ತಿರುಗಿದಳು. "ನನ್ ಕೈ ಬ್ಯಾಡ ಕಣವ್ವ. ಅಶೋಕಂಗೇಳು, ಮಾಡ್ಕೊಡ್ತಾನೆ."

"ಅವ್ರಿಗೆ ನೀರ್ ಕಾಸಕ್ಕೂ ಬರಲ್ಲ. ಯಾಕತ್ತೆ?"

ಬೆಟ್ಟಮ್ಮ ಆ ಮಾತನ್ನು ಅದುವರೆಗೆ ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಅವತ್ತು ಎಲ್ಲ ಹೇಳಿದಳು. ಬೂಷ್ಟು ಹಿಡಿದ ಜಾಡಿ, ತಿಪ್ಪೆ, ಕೈ ತೊಳೆದು ಕೂತ ಮಧ್ಯಾಹ್ನ. "ನೀನು ಬಸ್ರಿ. ನನ್ ಕೈಯಿಂದ ಏನಾರ ಕೆಟ್ಟದ್ದು ನಿನ್ ಒಟ್ಟೆಗೋದ್ರೆ?" ಎಂದು ಕೇಳಿದಳು.

ಮೇಘನ ಒಳಗೆ ಬಂದು ಮಣೆ ಎಳೆದುಕೊಂಡು ಅತ್ತೆಯ ಪಕ್ಕದಲ್ಲೇ ಕೂತಳು. "ನಾನು ಮೂರೊತ್ತೂ ಉಣ್ಣೋದು ನಿಮ್ ಕೈದೇ ಅಲ್ವಾ ಅತ್ತೆ? ಅದೇನು ಇದೊಂದ್ಕೆ ಬ್ಯಾರೆ ಕೈಯಾ?" ಎಂದಳು.

ಬೆಟ್ಟಮ್ಮ ಎದ್ದು ಹೋಗಿ ಗದ್ದೆಯಂಚಿನಿಂದ ಎಳೆ ಮೂಲಂಗಿ, ಸೌತೆಕಾಯಿ ಕಿತ್ತು ತಂದಳು. ಮನೆಯಲ್ಲಿ ಕ್ಯಾರೆಟ್ಟು, ಸಣ್ಣ ಈರುಳ್ಳಿ ಇದ್ದವು, ವಿನೆಗರನ್ನು ಅಶೋಕ ಅಂಗಡಿಯಿಂದ ತಂದ. ಗಾಜಿನ ಬಾಟ್ಲಿಯನ್ನು ಕುದಿವ ನೀರಲ್ಲಿ ತೊಳೆದು ಬಿಸಿಲಿಗಿಟ್ಟು ಒಣಗಿಸಿದಳು. ತರಕಾರಿಯನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಳು. ನಡುವೆ ಒಂದು ಹಸಿಮೆಣಸಿನಕಾಯಿ ಸೀಳಿ ಇಟ್ಟು, ಸಾಸಿವೆ ಉದುರಿಸಿ, ಕಾಸಿದ ವಿನೆಗರ್ ನೀರನ್ನು ಮುಳುಗುವಷ್ಟು ಹುಯ್ದಳು. ಆ ನೀರಿಗೆ ಉಪ್ಪು ಹಾಕುವ ಮೊದಲು ಇನ್ನೊಮ್ಮೆ ಕೈ ತೊಳೆದುಕೊಂಡಿದ್ದಳು. ಬಾಟ್ಲಿ ಆರಿದ ಮೇಲೆ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನೊಳಗೆ ಹಾಲಿನ ಪಕ್ಕ ಇಟ್ಟಳು.

ಮರುದಿನ ಮೇಘನ ಮೊಸರನ್ನಕ್ಕೆ ಅದನ್ನು ಹಾಕಿಕೊಂಡಳು. ಮೂಲಂಗಿ ಹಲ್ಲಿಗೆ ಸಿಕ್ಕಿ ಕರಂ ಎಂದಿತು. ಮತ್ತೆ ಹಾಕಿಸಿಕೊಂಡಳು. ತಟ್ಟೆ ಖಾಲಿಯಾಯಿತು, ವಾಂತಿಯಾಗಲಿಲ್ಲ. "ಇನ್ನೊಂಚೂರು ಅನ್ನ ಐತಾ ಅತ್ತೆ?" ಎಂದು ಕೇಳಿದಾಗ ಬೆಟ್ಟಮ್ಮ ಅನ್ನದ ಪಾತ್ರೆ ತರುವ ನೆಪದಲ್ಲಿ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದಳು.

ಅಲ್ಲಿಂದ ಅವಳಿಗೆ ಅದೇ ಹುರುಪು. ಒಂದು ವಾರ ತೊಂಡೆಕಾಯಿ, ಇನ್ನೊಂದು ವಾರ ಹೂಕೋಸು. ಬೀಟ್ರೂಟ್ ಹಾಕಿದಾಗ ಇಡೀ ಬಾಟ್ಲಿ ದಾಸವಾಳದ ಬಣ್ಣ ತಿರುಗಿತು. ಎಣ್ಣೆಯಿಲ್ಲ, ಖಾರದ ಪುಡಿಯಿಲ್ಲ, ತಿಂಗಳುಗಟ್ಟಲೆ ಕಾಯಬೇಕಿಲ್ಲ. ಅಶೋಕನೂ ಪ್ಯಾಕೆಟ್ಟು ತರುವುದನ್ನು ಬಿಟ್ಟ. ಟ್ರಾಕ್ಟರಿನಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯಲು ಹೊರಟಾಗ ಬುತ್ತಿಗೆ ತಾನೇ ಎರಡು ಚಮಚ ಹಾಕಿಕೊಳ್ಳುತ್ತಿದ್ದ.

ನಡುವೆ ಒಂದು ಬಾಟ್ಲಿ ಕೆಟ್ಟಿತು. ಸೌತೆಕಾಯಿಯದು, ಹಿಂದೆ ಸರಿದುಹೋಗಿ ಬಹಳ ದಿನ ಮರೆತುಹೋಗಿತ್ತು. ಮುಚ್ಚಳ ತೆಗೆದರೆ ಹೋಳೆಲ್ಲ ಲೋಳೆಯಾಗಿ ಮುಗ್ಗು ವಾಸನೆ. ಬೆಟ್ಟಮ್ಮ ಬಾಟ್ಲಿ ಹಿಡಿದು ನಿಂತಲ್ಲೇ ನಿಂತಳು. ಲ್ಯಾಬಿನಿಂದ ಆಗಷ್ಟೇ ಬಂದಿದ್ದ ಮೇಘನ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಮೂಸಿ ಮುಖ ಸಿಂಡರಿಸಿ, ಹಿತ್ತಲಿಗೆ ಒಯ್ದು ಸುರಿದಳು. ಬಾಟ್ಲಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ, "ಅಳೇದಾಗೋಗಿತ್ತು ಅತ್ತೆ. ನಾಳೆ ಕ್ಯಾರೆಟ್ ತರ್ತೀನಿ, ಇನ್ನೊಂದ್ ಮಾಡಿ. ಈಗ ಕಾಪಿ ಐತಾ?" ಎಂದಳು.

ಅಷ್ಟೇ. ಬೆಟ್ಟಮ್ಮ ಕಾಫಿಗೆ ನೀರಿಟ್ಟಳು. ನೀರು ಕಾಯುವವರೆಗೂ ಅವಳಿಗೆ ಚಿಕ್ಕಸ್ವಾಮಿಯದೇ ನೆನಪು. ಆ ವರ್ಷ ಕೆಟ್ಟಿದ್ದು ಒಂದು ಜಾಡಿ ಮಾತ್ರ, ಅದನ್ನು ಹಾಕಿದಾಗ ತನ್ನ ಕಣ್ಣೀರು ಎಲ್ಲೆಲ್ಲಿ ಬಿತ್ತೋ, ಒದ್ದೆ ಸೌಟು ಎಷ್ಟು ಸಲ ಆಡಿಸಿದೆನೋ ಎಂದು ಮೊದಲ ಬಾರಿಗೆ ಅನ್ನಿಸಿತು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು.

ಕೆಲವು ದಿನಗಳ ಮೇಲೆ ಅಣ್ಣಮ್ಮ ಗೋಡೆಯಾಚೆ ನಿಂತು ಕರೆದಳು. "ಅಕ್ಕ, ನಮ್ಮೆಜಮಾನ್ರಿಗೆ ಡಾಕ್ಟ್ರು ಎಣ್ಣೆ ಉಪ್ಪಿನ್ಕಾಯಿ ಬ್ಯಾಡ ಅಂದವ್ರೆ. ನಿಮ್ಮನೇಲಿ ಅದೇನೋ ಫ್ರಿಜ್ಜಿಂದು ಮಾಡ್ತೀರಂತೆ. ಒಸಿ ಬಂದು ತೋರಿಸ್ಕೊಡು." ಆಮೇಲೆ ಗೋಡೆಗೆ ಇನ್ನಷ್ಟು ಹತ್ತಿರ ಬಂದು, "ನಾನು ಅವತ್ತೇ ಕರೀಬೇಕಿತ್ತು" ಎಂದಳು.

ಬೆಟ್ಟಮ್ಮನಿಗೆ ಹೇಳಬೇಕಾದ ಮಾತು ಬೇಕಾದಷ್ಟಿತ್ತು. "ಉಪ್ಪು ಕಮ್ಮಿ ಆಕಣ. ಮೂಲಂಗಿ ಎಳೇದು ನೋಡಿ ಕಿತ್ಕೊ, ಬತ್ತೀನಿ" ಎಂದಷ್ಟೇ ಹೇಳಿ ಅಣ್ಣಮ್ಮನ ಮನೆಗೆ ಹೋದಳು.

ತಿಂಗಳು ತುಂಬುತ್ತ ಬಂದಾಗ ಮೇಘನ ಹೆರಿಗೆಗೆ ನಾಗಮಂಗಲಕ್ಕೆ ಹೋದಳು. ಮನೆ ಬಣಗುಟ್ಟತೊಡಗಿತು. ಬೆಟ್ಟಮ್ಮ ಒಂದು ಬಾಟ್ಲಿ ಉಪ್ಪಿನಕಾಯಿಯನ್ನು ಟವೆಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಬೀಗಿತಿ ಚೈತ್ರ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ ಕೂರಿಸಿ ಉಪಚಾರಕ್ಕೆ ನಿಂತಳು. ಮೇಘನ ಮಾತ್ರ ಮೊದಲು ಬುಟ್ಟಿಗೇ ಕೈಹಾಕಿದಳು.

"ನಿಮ್ ಮಗ್ಳು ನನ್ ಮನೆಗೆ ಬಂದಿದ್ದು ನನ್ ಪುಣ್ಯ ಕಣವ್ವ" ಎಂದಳು ಬೆಟ್ಟಮ್ಮ, ಬೀಗಿತಿಯ ಕೈ ಹಿಡಿದುಕೊಂಡು. "ನಾನು ಯಾತಕ್ಕೂ ಬ್ಯಾಡ್ದೋಳು ಅಂದ್ಕೊಂಡಿದ್ದೆ. ನೀವು ಚೆಂದಾಗಿ ಬೆಳೆಸಿದ್ದೀರಿ. ಅದ್ನ ಏಳೋಗಾಣ ಅಂತ್ಲೇ ಬಂದೆ."

ಚೈತ್ರ "ಮೊದ್ಲು ಊಟಕ್ಕೇಳಿ" ಎಂದು ತಟ್ಟೆ ಹಾಕಿದಳು. ಮೂವರೂ ಒಟ್ಟಿಗೆ ಉಣ್ಣಲು ಕೂತರು. ಮೇಘನ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ನೋಡಿ ಅತ್ತೆ, ಒದೀತಾ ಐತೆ" ಎಂದು ಅತ್ತೆಯ ಅಂಗೈಯನ್ನು ಎಳೆದು ಅಲ್ಲಿಟ್ಟುಕೊಂಡಳು.