‘ದೊಡ್ಡೋರು’ ಅಂದದ್ದೇ ತಪ್ಪಾಯಿತು

ಮಂಜು ಇನ್ನೂ ಬಿಟ್ಟಿಲ್ಲ. ಗವಿಕಲ್ಲು ಬೆಟ್ಟದ ಬುಡದಲ್ಲಿ ಗುಂಡ್ಲುಪೇಟೆಯಿಂದ ಬಂದ ಜೀಪು ನಿಂತಿದೆ. ಅದರ ಹಿಂದೆ ಗುರುಮಲ್ಲಯ್ಯ ಟವೆಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ, ಅದರ ಮೇಲೆ ನೀರಿನ ಕ್ಯಾನು. ಬೆಟ್ಟ ಹತ್ತಲು ಬಂದವರು ಶೂ ದಾರ ಬಿಗಿದುಕೊಂಡು, ಒಬ್ಬರ ಫೋಟೋ ಒಬ್ಬರು ತೆಗೆದು, ಸಾಲಾಗಿ ಹೊರಡುತ್ತಾರೆ. ಎಲ್ಲರೂ ಹೊರಟ ಮೇಲೆ ಗುರುಮಲ್ಲಯ್ಯ ಹೊರಡುತ್ತಾರೆ.

ಈ ಬೆಟ್ಟದಲ್ಲಿ ಅವರು ಮೊನ್ನೆ ಮೊನ್ನೆಯವರೆಗೂ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವರು. ಗೈಡು ಎಂದರೆ ಅವರೊಬ್ಬರೇ. ಈಗ ಬೆಟ್ಟ ಹತ್ತಿಸುವ ವ್ಯವಹಾರವನ್ನೆಲ್ಲ ವಹಿಸಿಕೊಂಡಿರುವ ಸಮಿತಿಯ ಅಪ್ಪಣೆ ಹೀಗಿದೆ: ಗುರುಮಲ್ಲಯ್ಯ ನೀರು ಹೊರಬಹುದು, ದಾರಿ ತೋರಿಸಬಾರದು. ಸಾಲಿನ ಕೊನೆಯಲ್ಲಿ ನಡೆಯಬೇಕು. ಬಂದವರ ಜೊತೆ ಮಾತಾಡಬಾರದು. ಬಾಯಿ ಇರುವ ಮನುಷ್ಯನಿಗೆ ಹೀಗೊಂದು ಕಾನೂನು ಮಾಡಲು ಇವರಿಗೆ ಹೇಗೆ ಮನಸ್ಸು ಬಂತೋ ಕಾಣೆ. ಕೇಳಿದಾಗ ನನಗಂತೂ ಮೈಯೆಲ್ಲ ಉರಿಯಿತು.

ಅವರು ಮಾಡಿದ ತಪ್ಪೇನು? ಒಂದು ಮಾತು. ಅದೂ ಆಡಿದ್ದು ತಪ್ಪಲ್ಲವಂತೆ, ಆಡದೆ ಹೋದದ್ದು.

ಗುರುಮಲ್ಲಯ್ಯ ಚಂದಕವಾಡಿ ಕಡೆಯವರು. ರಾಚಮ್ಮನವರನ್ನು ಮದುವೆಯಾಗಿ ಬೆಟ್ಟದ ಬುಡದ ಈ ಊರಿಗೆ ಮನೆ ಅಳಿಯನಾಗಿ ಬಂದರು. ಮಾವ ಜೇನಿಗೆ, ಸೀಗೆಗೆ ಬೆಟ್ಟ ಹತ್ತುತ್ತಿದ್ದರು. ಅವರ ಹಿಂದೆ ನಡೆದೇ ಇವರು ದಾರಿ ಕಲಿತದ್ದು. ಮಾವ ಮೊದಲ ದಿನ ಹೇಳಿಕೊಟ್ಟ ಪಾಠ ಒಂದೇ: ಬೆಟ್ಟದ ಮೇಲೆ ಆನೆಯನ್ನು ಆನೆ ಎನ್ನಬಾರದು. ಹೆಸರು ಹಿಡಿದರೆ ಕರೆದಂತೆ, ಬಂದೇ ಬರುತ್ತದೆ. ‘ದೊಡ್ಡೋರು’ ಅನ್ನಬೇಕು. ಇಲ್ಲಿ ದನ ಕಾಯುವವರು, ಸೌದೆ ತರುವವರು ಎಲ್ಲರ ಬಾಯಲ್ಲೂ ಅದೇ ಮಾತು. ಅದಕ್ಕೆ ಅರ್ಥ ಕೇಳಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ.

ಹೋದ ವರ್ಷ, 2006ರಲ್ಲಿ, ಮೈಸೂರಿನಿಂದ ಒಂದು ಗುಂಪು ಬಂತು. ಅದರಲ್ಲಿ ಗಂಗಾಧರಸ್ವಾಮಿ ಎಂಬ ಕಂಟ್ರಾಕ್ಟರು ಇದ್ದರು. ಅಂದು ಬೆಟ್ಟಕ್ಕೆ ಯಾರೋ ಮೇಲಧಿಕಾರಿ ಬರುತ್ತಾರೆಂದು ಸುದ್ದಿ ಹಬ್ಬಿತ್ತು, ಆ ಅಧಿಕಾರಿಯಿಂದ ಕಂಟ್ರಾಕ್ಟರಿಗೆ ಏನೋ ಕೆಲಸವೂ ಆಗಬೇಕಿತ್ತು. ಅರ್ಧ ಬೆಟ್ಟದ ತಿರುವಿನಲ್ಲಿ ಗುರುಮಲ್ಲಯ್ಯ ಕೈ ಅಡ್ಡ ಹಿಡಿದು, “ದೊಡ್ಡೋರು ಬತ್ತಾವ್ರೆ, ಎಲ್ರೂ ನಿಂತ್ಕಳಿ” ಅಂದರು.

ಎಲ್ಲರೂ ನಿಂತರು. ಗಂಗಾಧರಸ್ವಾಮಿ ಮಾತ್ರ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. ಅಂಗಿಯನ್ನು ಪ್ಯಾಂಟಿಗೆ ಸೇರಿಸಿದರು. ಕೈಯಲ್ಲಿ ವಿಸಿಟಿಂಗ್ ಕಾರ್ಡು ಹಿಡಿದು, ತಡೆದ ಗುರುಮಲ್ಲಯ್ಯನವರ ಕೈಯನ್ನು ಪಕ್ಕಕ್ಕೆ ಸರಿಸಿ, ನಗುಮುಖ ಮಾಡಿಕೊಂಡು ತಿರುವು ದಾಟಿದರು. ಅಲ್ಲಿ ನಿಜವಾಗಿಯೂ ದೊಡ್ಡವರೇ ನಿಂತಿದ್ದರು. ಸಲಗ ಮಾಡಿದ್ದಿಷ್ಟೇ, ಒಂದು ಸಲ ಕಿವಿ ಬಡಿಯಿತು. ಇವರು ಎದ್ದೆನೋ ಬಿದ್ದೆನೋ ಎಂದು ಓಡಿ ಕೊರಕಲಿಗೆ ಬಿದ್ದು ಕಾಲು ಮುರಿದುಕೊಂಡರು.

ನಗು ಬರುತ್ತದೆ ಅಲ್ಲವೇ? ನನಗೂ ಬಂದಿತ್ತು. ಮುಂದಿನದನ್ನು ಕೇಳಿದ ಮೇಲೆ ನಗು ನಿಂತಿತು. ಆ ಭಾರಿ ಮನುಷ್ಯನನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿಸಿದವರು ಇದೇ ಗುರುಮಲ್ಲಯ್ಯ. ಕೆಳಗೆ ಜೀಪಿನೊಂದಿಗೆ ಕಾದಿದ್ದ ಡ್ರೈವರ್ ಮಹಬೂಬ್ ಕಣ್ಣಾರೆ ಕಂಡವರು. “ಬಂದೋರೇ ಕುಸಿದು ಕುಂತ್ಬುಟ್ರು ಸಾರ್. ಇಬ್ರಲ್ಲಿ ಕಾಲು ಮುರುದಿರೋರು ಯಾರು ಅಂತ್ಲೇ ನಂಗೆ ಗೊತ್ತಾಗ್ನಿಲ್ಲ” ಎನ್ನುತ್ತಾರೆ. ಬೆನ್ನ ಮೇಲೆ ಕೂತು ಬಂದ ಆ ಪುಣ್ಯಾತ್ಮ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹೇಳಿದ್ದು: ಗೈಡು ಎಚ್ಚರಿಕೆಯನ್ನೇ ಕೊಡಲಿಲ್ಲ.

ಸಮಿತಿ ಅದನ್ನೇ ಹಿಡಿಯಿತು. ವಿಚಾರಣೆಗೆ ಮಹಬೂಬರನ್ನಾಗಲಿ, ಅಂದು ಮಾತು ಕೇಳಿ ನಿಂತವರನ್ನಾಗಲಿ ಕರೆಯಲಿಲ್ಲ. ಗುರುಮಲ್ಲಯ್ಯನವರನ್ನು ನಿಲ್ಲಿಸಿ, ಆನೆ ಎಂಬ ಪದ ಬಳಸಿದೆಯೋ ಇಲ್ಲವೋ ಎಂದಷ್ಟೇ ಕೇಳಿದರು. ಇಲ್ಲ ಎಂದರು ಇವರು. ಮುಗಿಯಿತು, ಗೈಡಿನ ಟೋಪಿ ಬಿಚ್ಚಿಟ್ಟು ಹೋಗು ಎಂದರು. ಕಾಲ ಬದಲಾಗಿದೆ, ಇಂಥ ಮೂಢನಂಬಿಕೆ ನಡೆಯುವುದಿಲ್ಲ ಎಂದು ಒಬ್ಬರು ಭಾಷಣವನ್ನೂ ಬಿಗಿದರಂತೆ. ಅಲ್ಲ ಸ್ವಾಮಿ, ‘ನಿಂತ್ಕಳಿ’ ಎಂಬುದಕ್ಕೆ ಎಷ್ಟು ಅರ್ಥ? ಅಡ್ಡ ಹಿಡಿದ ಕೈಗೆ ಎಷ್ಟು ಅರ್ಥ? ಅದನ್ನು ಕೇಳುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

ರಾಚಮ್ಮನವರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ನನಗೆ ಕಾಫಿ ಕೊಡುತ್ತಲೇ ಶುರುಮಾಡಿದರು. “ಮದುವೆ ಆದಾಗ್ನಿಂದ ಇವ್ರ ಹೆಸರ ನಾನು ಬಾಯಲ್ಲಿ ಯೋಳಿಲ್ಲ. ಹಂಗಂತ ಈ ಮನೆಲಿ ಗಂಡಸೇ ಇಲ್ಲ ಅಂದ್ಬುಟ್ಟರಾ?” ಎಂದರು. ಪಕ್ಕದಲ್ಲಿ ಕೂತಿದ್ದ ಗುರುಮಲ್ಲಯ್ಯ ತಲೆ ತಗ್ಗಿಸಿಕೊಂಡು ನಕ್ಕರು.

ವಿಚಾರಣೆಯ ದಿನ ಗುರುಮಲ್ಲಯ್ಯ ಒಂದು ದಾರಿಯನ್ನೂ ಹೇಳಿದ್ದರು. ಬೆಟ್ಟದ ಮೇಲೆ ಹೆಸರು ಹೇಳಲಾರೆ, ಕೆಳಗೇ ನಿಂತು ಎಲ್ಲರಿಗೂ ಮೊದಲೇ ತಿಳಿಸಿಬಿಡುತ್ತೇನೆ, ಮೇಲೆ ‘ದೊಡ್ಡೋರು’ ಅಂದರೆ ಆನೆ ಎಂದು. ಅದನ್ನು ಕೇಳಿ ಎಲ್ಲರೂ ನಕ್ಕಿದ್ದರಂತೆ. ಈಗ ಬೆಳಿಗ್ಗೆ ಬಂದು ನೋಡಿ. ಜೀಪು ಇಳಿದವರನ್ನು ನಿಲ್ಲಿಸಿಕೊಂಡು ಹೊಸ ಗೈಡು ಮೊದಲು ಹೇಳುವುದೇ ಆ ಮಾತು. ಸಮಿತಿಯವರೇ ಹೇಳಿಸುತ್ತಾರೆ. ಬಂದವರಿಗೆ ಅದು ಬಹಳ ಇಷ್ಟ, ಸ್ಥಳೀಯ ಸಂಸ್ಕೃತಿ ಎಂದು ಖುಷಿಪಡುತ್ತಾರೆ. ಮಾತು ಬೇಕಾಯಿತು, ಮಾತಿನ ಯಜಮಾನ ಬೇಡವಾದ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಹೊಸ ಗೈಡು ಚೈತ್ರ, ಉಡಿಗಾಲದ ಹುಡುಗಿ. ಅವಳ ಮೇಲೆ ನನಗೆ ಕೋಪವಿಲ್ಲ, ಗುರುಮಲ್ಲಯ್ಯನವರಿಗಂತೂ ಇಲ್ಲವೇ ಇಲ್ಲ. ಅವಳಿಗೆ ದಾರಿ ಕಲಿಸಿದವರು ಅವರೇ. ಮಾತಾಡಬಾರದೆಂಬ ಕಾನೂನಿಗೆ ಇಬ್ಬರೂ ಸೇರಿ ಒಂದು ಉಪಾಯ ಹುಡುಕಿಕೊಂಡಿದ್ದಾರೆ. ಅದು ನನಗೆ ಗೊತ್ತಾದದ್ದು ಬೆಟ್ಟ ಹತ್ತುವಾಗ.

ನಾನು ಸಾಲಿನ ಕೊನೆಯಲ್ಲಿ, ಗುರುಮಲ್ಲಯ್ಯನವರ ಮುಂದೆ ನಡೆಯುತ್ತಿದ್ದೆ. ಅರ್ಧ ಬೆಟ್ಟ ದಾಟಿರಬಹುದು, ಹಿಂದೆ ಧೊಪ್ಪೆಂದು ಸದ್ದಾಯಿತು. ಅವರು ಕ್ಯಾನನ್ನು ಬಂಡೆಯ ಮೇಲೆ ಕುಕ್ಕಿದ್ದರು. ಸದ್ದು ಕೇಳಿದ್ದೇ ತಡ, ಮುಂದಿದ್ದ ಚೈತ್ರ ಎರಡೂ ಕೈ ಚಾಚಿ ನಿಂತಳು. “ದೊಡ್ಡೋರು ಬರ್ತಾವ್ರೆ, ನಿಂತ್ಕೊಳ್ಳಿ.” ಈ ಸಲ ಯಾರೂ ತಲೆ ಬಾಚಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಹೆಣ್ಣಾನೆಯೊಂದು ಮರಿಯನ್ನು ಒತ್ತಿಗಿಟ್ಟುಕೊಂಡು ದಾರಿ ದಾಟಿ ಬಿದಿರಿನೊಳಗೆ ಇಳಿದುಹೋಯಿತು. ಉಸಿರು ಬಂದ ಮೇಲೆ ಎಲ್ಲರೂ ಚೈತ್ರಳನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಸಾಲಿನ ಹಿಂದಕ್ಕೆ ಕೈ ತೋರಿಸಿ, “ನಂಗಲ್ಲ, ಅವ್ರಿಗೆ ಹೇಳಿ” ಎಂದಳು. ಕೆಲವರು ತಿರುಗಿ ನೋಡಿದರು. ಕ್ಯಾನು ಹೊತ್ತ ಮುದುಕನೊಬ್ಬ ಕಂಡ. ನೀರು ಕೇಳಿದರು.

ಕೆಳಗಿಳಿದ ಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತೆವು. ಒಂದು ಕ್ಷಮಾಪಣೆ ಕೇಳಿದರೆ ಟೋಪಿ ವಾಪಸ್ಸು ಕೊಡುತ್ತೇವೆಂದು ಸಮಿತಿ ಹೇಳಿ ಕಳಿಸಿದೆಯಂತೆ. ಎಚ್ಚರಿಕೆ ಕೊಡಲಿಲ್ಲ, ತಪ್ಪಾಯಿತು, ಅಷ್ಟು ಅಂದರೆ ಸಾಕಂತೆ. ಅಂದುಬಿಡಬಹುದಲ್ಲ ಎಂದು ನಾನೇ ಬಾಯಿ ಜಾರಿ ಕೇಳಿದೆ. ಅವರು ಟೀ ಲೋಟ ಕೆಳಗಿಟ್ಟರು.

“ಯೋಳಿದ್ದೆ ಕಣಪ್ಪ. ಯೋಳಿದ್ದ ಯೋಳ್ನಿಲ್ಲ ಅನ್ನಕಾದದಾ? ಬೆಟ್ಟದ ಮ್ಯಾಲೆ ಒಂದ್ಸಲ ಸುಳ್ಳಾಡಿದೋನು ಅಂತ ಆದ್ರೆ, ನಾಳೆ ನಾನು ನಿಂತ್ಕಳಿ ಅಂದ್ರೆ ಯಾರು ನಿಂತ್ಕತಾರೆ?”

ಹಾಗಾದರೆ ಏನು ಬೇಕು ನಿಮಗೆ ಎಂದೆ. ಟೋಪಿ ಬೇಡ ಎಂದರು. ಮುಂದೆ ನಡೆಯುವ ಗೈಡು ಹಿಂತಿರುಗಿ ನೋಡುತ್ತಾ ಹೋಗಬಾರದಂತೆ, ಕಣ್ಣು ದಾರಿಯ ಮೇಲೇ ಇರಬೇಕು. ಹಿಂದಿನವರ ಏದುಸಿರು ಕೇಳಿಯೇ ಹೆಜ್ಜೆ ನಿಧಾನ ಮಾಡಬೇಕು, ಅದನ್ನು ಕೇಳಿಯೇ ಕೂರಿಸಬೇಕು. ಇಷ್ಟು ವರ್ಷ ತಾನು ಜನರನ್ನು ಹತ್ತಿಸಿದ್ದೇ ಹಾಗೆ ಎಂದರು. ಮಹಬೂಬ್ ಜೀಪು ತಿರುಗಿಸಿ ಹಾರ್ನ್ ಹೊಡೆದರು, ನಾನು ಎದ್ದೆ. ಆಗ ಅವರು ಬೆಟ್ಟದ ಕಡೆ ನೋಡಿಕೊಂಡೇ ಅಂದರು:

“ನನ್ನ ಬೆನ್ನಿಂದೆ ನಾಕು ಜನದ ಉಸಿರು ಕೇಳುಸ್ಬೇಕು. ಅಷ್ಟೇಯ. ಈಗ ತಿರುಗಿ ನೋಡುದ್ರೆ ಯಾರೂ ಇಲ್ಲ ಕಣಪ್ಪ.”